ಮೂಟೆಯ ಮೇಲೆ ಬರೆದದ್ದು

ನಮ್ಮ ಕಾರ್ಖಾನೆಗೆ ಉಣ್ಣೆ ಬರುವುದಿಲ್ಲ, ಕಾಳು ಬರುತ್ತದೆ.
ಬಿಳಿ ಕಾಳು, ಸಬ್ಬಕ್ಕಿಯಷ್ಟು ಗಾತ್ರ,
ಇಪ್ಪತ್ತೈದು ಕಿಲೋದ ಮೂಟೆಗಳಲ್ಲಿ.
ಕರಗಿಸಿ, ಎಳೆದು, ನೂಲು ತೆಗೆದರೆ
ಆಂತೆಪ್ಪಿನ ಮಗ್ಗಗಳು ಅದನ್ನೇ
ಹೂವು, ಬಳ್ಳಿ, ಓಡುವ ಜಿಂಕೆ ಮಾಡುತ್ತವೆ.
ದೂರದ ಯಾರೋ ಅದರ ಮೇಲೆ ಕಾಲೊರೆಸಿಕೊಳ್ಳುತ್ತಾರೆ.

ಇಪ್ಪತ್ತೊಂದು ವರ್ಷ ನಾನು ಮಾಡಿದ್ದು
ಮೂಟೆಯ ಬಾಯಿ ಬಿಚ್ಚುವ ಕೆಲಸ.
ಬಾಗಿದ ಚಾಕು, ಒಂದು ಕೊಕ್ಕೆ, ಎರಡು ಕೈ.
ನಿಮಿಷಕ್ಕೆ ಎರಡು ಮೂಟೆ,
ಉಪವಾಸದ ತಿಂಗಳಲ್ಲಿ ಒಂದೂವರೆ.

ಸಮುದ್ರ ದಾಟಿ ಬರುತ್ತಿದ್ದವು,
ಕೊರಿಯಾದಿಂದ ಕೆಲವು, ಅರಬರ ನಾಡಿನಿಂದ ಹೆಚ್ಚು.
ನಾನು ಎಂದೂ ನೋಡದ ಬಂದರಿನಲ್ಲಿ
ಒಂದು ಕ್ರೇನು ಕೆಟ್ಟು ಕೂತಾಗ
ಇಲ್ಲಿ ನಮ್ಮ ಒಲೆ ಆರಿತ್ತು, ಹನ್ನೊಂದು ದಿನ.
ಧಣಿ ದಿನವೂ ಡಾಲರಿನ ಮುಖ ನೋಡಿ ಏಳುತ್ತಿದ್ದ.
ಅದು ಮುಖ ಸಿಂಡರಿಸಿದರೆ
ನಮ್ಮ ಓವರ್‌ಟೈಮು ಹೋಯಿತೆಂದೇ ಲೆಕ್ಕ.

ಖಾಲಿ ಚೀಲ ಮನೆಗೆ ಒಯ್ಯಬಹುದಿತ್ತು, ವಾರಕ್ಕೆ ನಾಲ್ಕು.
ಕೊರಿಯಾದ್ದನ್ನು ಕೋಳಿಗೂಡಿಗೆ ಹೊದಿಸಿದೆ.
ಅರಬ್ಬಿ ಅಕ್ಷರದ್ದನ್ನು ತಂದ ದಿನ
ಅತ್ತೆ ಜೊಹ್ರೆ ಕೈಯಿಂದ ಕಸಿದುಕೊಂಡಳು.
ಅವಳಿಗೆ ಓದು ಬಾರದು, ನನಗೆ ಆ ಲಿಪಿ ಬಾರದು.
ಆದರೆ ಅದು ಎಲ್ಲಿರಬೇಕೆಂದು ಇಬ್ಬರಿಗೂ ಗೊತ್ತಿತ್ತು:
ಸೊಂಟಕ್ಕಿಂತ ಮೇಲೆ.
ನೀಲಿಯ ಆ ನಾಲ್ಕು ಸಾಲನ್ನು ಕತ್ತರಿಸಿ, ಅಂಚು ಹೊಲಿದು,
ಮುತ್ತಿಟ್ಟು, ಹಣೆಗೊತ್ತಿಕೊಂಡು
ಬಾಗಿಲ ಮೇಲೆ ಮೊಳೆ ಹೊಡೆದಳು.

ಹದಿನಾರು ವರ್ಷ ಅದರ ಕೆಳಗೆ ಓಡಾಡಿದೆವು.
ಮಗಳು ಸೆಹೆರ್ ಪ್ರತಿ ಪರೀಕ್ಷೆಗೂ
ಅದನ್ನೊಮ್ಮೆ ನೋಡಿಯೇ ಹೊರಟಳು.
ನನ್ನ ಗಂಡನನ್ನು ಹೊತ್ತು ಹೊರಗೆ ಒಯ್ದದ್ದೂ
ಅದರ ಕೆಳಗೇ.

ದಕ್ಷಿಣದ ಕಡಲಂಚಿನಲ್ಲಿ, ಕಿತ್ತಳೆ ತೋಟಗಳಾಚೆ,
ಹೊಸ ವಲಯ ಕಟ್ಟುತ್ತೇವೆ ಎಂದರು.
ಮೂರು ಚುನಾವಣೆಯಷ್ಟು ಕಾಲ ಬಾಯಲ್ಲೇ ಕಟ್ಟಿದರು,
ಆಮೇಲೆ ನಿಜಕ್ಕೂ ಕಟ್ಟಿದರು:
ಗೋಪುರ, ಕೊಳವೆ, ಆರದ ಜ್ವಾಲೆ, ಸ್ವಂತ ಧಕ್ಕೆ.
ಇನ್ನು ಕಾಳಿಗಾಗಿ ಯಾರ ಬಾಗಿಲೂ ತಟ್ಟಬೇಕಿಲ್ಲ
ಎಂದು ಧಣಿ ಬಕ್ಲಾವಾ ಹಂಚಿದ.
ಕಾಳು ಮಾಡುವ ಗ್ಯಾಸು ಎಲ್ಲಿಂದ, ಎಂದ ಮೇಸ್ತ್ರಿ ನೆಜಾತಿ.
ಹಡಗಿನಲ್ಲಿ, ಎಂದ ಧಣಿ,
ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದ.

ಸೆಹೆರ್ ಈಗ ಅಲ್ಲಿಯ ಪ್ರಯೋಗಾಲಯದಲ್ಲಿ.
ಸಂಬಳ ನನ್ನ ಮೂರರಷ್ಟು.
ರಾತ್ರಿ ಜ್ವಾಲೆಯ ಬೆಳಕಿಗೆ ನಿದ್ದೆ ಹತ್ತದೆ
ಕಿಟಕಿಗೆ ಕಪ್ಪು ಕಂಬಳಿ ಕಟ್ಟಿ ಮಲಗುತ್ತಾಳಂತೆ.

ಕಳೆದ ಮಂಗಳವಾರ ಬಂತು ಮೊದಲ ಲಾರಿ,
ನಾಲ್ಕೇ ಗಂಟೆಯ ಹಾದಿ.
ಉಪ್ಪುಗಾಳಿ ಕುಡಿಯದ ಮೂಟೆ. ಮುಟ್ಟಿದರೆ ಬೆಚ್ಚಗಿತ್ತು,
ಅಥವಾ ಬಿಸಿಲಿಗೆ ಹಾಗಾಗಿತ್ತೋ.
ಅದೇ ಕಾಳು, ಅದೇ ಮೇಣದ ವಾಸನೆ.
ಅದೇ ಜಾಗದಲ್ಲಿ, ಅದೇ ನೀಲಿಯಲ್ಲಿ ನಾಲ್ಕು ಸಾಲು,
ನಮ್ಮ ಭಾಷೆಯಲ್ಲಿ.

ಚಾಕು ಹಿಡಿದೇ ಓದಿದೆ:
ಒಣ ಜಾಗದಲ್ಲಿಡಿ.
ಬಿಸಿಲಿಗೆ ಒಡ್ಡಬೇಡಿ.
ಹತ್ತಕ್ಕಿಂತ ಎತ್ತರ ಪೇರಿಸಬೇಡಿ.
ಕೊಕ್ಕೆ ಹಾಕಬೇಡಿ.

ಇಪ್ಪತ್ತೊಂದು ವರ್ಷ ಕೊಕ್ಕೆ ಹಾಕಿದ್ದೇನೆ.
ಒಂದೊಂದು ಮೂಟೆಯೂ ಬೇಡ ಬೇಡ ಅಂದಿತ್ತು,
ಅದರದರ ಭಾಷೆಯಲ್ಲಿ.
ನಗು ಉಕ್ಕಿತು. ನೆಜಾತಿ ಏನಾಯಿತೆಂದ.
ಏನಿಲ್ಲ ಎಂದು ಕೊಕ್ಕೆಯನ್ನು ಗೋಡೆಗೆ ತೂಗಿಹಾಕಿದೆ.
ಮಧ್ಯಾಹ್ನದ ಹೊತ್ತಿಗೆ ಬೆನ್ನು ಕೇಳಲಿಲ್ಲ,
ಮತ್ತೆ ತೆಗೆದುಕೊಂಡೆ.

ಧಣಿ ಈಗಲೂ ಡಾಲರಿನ ಮುಖ ನೋಡಿಯೇ ಏಳುತ್ತಾನೆ.
ನಮ್ಮವರೂ ಕಾಳಿನ ಬೆಲೆ ಕಟ್ಟುವುದು ಡಾಲರಿನಲ್ಲಂತೆ.
ಆದರೂ ಯಂತ್ರ ನಿಂತಿಲ್ಲ, ಅದನ್ನೂ ಹೇಳಬೇಕು.

ಸಂಜೆ ಮನೆಗೆ ಬಂದೆ. ಜೊಹ್ರೆಗೆ ಎಂಬತ್ತಾರು, ಕಣ್ಣು ಮಂಜು.
ಬಾಗಿಲ ಮೇಲೆ ಬೂದಿಬಣ್ಣಕ್ಕೆ ತಿರುಗಿದ ನಾಲ್ಕು ಸಾಲು.
ಲಿಪಿ ಬಾರದಿದ್ದರೂ ಈಗ ಓದಬಲ್ಲೆ.
ತಲೆ ತಗ್ಗಿಸಿಯೇ ಒಳಗೆ ಹೋದೆ, ರೂಢಿ.

ಏನು ತಂದೆ, ಎಂದಳು.
ಹೊಸ ಚೀಲ ಕೈಗಿಟ್ಟೆ. ಅಕ್ಷರದ ಮೇಲೆ ಬೆರಳಾಡಿಸಿದಳು.
ಯಾರ ಬರಹ ಇದು?
ನಮ್ಮದೇ, ಎಂದೆ.

ಹಾಗಾದರೆ ಕೋಳಿಗೂಡಿಗೆ ಹಾಕು, ಎಂದಳು,
ಕೊರಿಯಾದ್ದು ಹರಿದಿದೆ.